ಹನ್ನೆರಡು ಹಸಿರು ಡಬ್ಬಿಗಳು

ಫಸಲಿ ೧೩೪೮, ಅಮರ್ದಾದ್ ತಿಂಗಳ ಎರಡನೆಯ ಶುಕ್ರವಾರ, ಈಗಿನ ಲೆಕ್ಕಕ್ಕೆ ೧೯೩೯ರ ಜೂನ್, ಬೆಳಗಿನ ಐದೂವರೆ. ಸ್ಥಳ ವಾಡಿ, ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ನಮ್ಮ ಬಾಡಿಗೆ ಮನೆಯ ಮಾಳಿಗೆ. ಹಾಜರಿದ್ದವರು ನಾನು ಮತ್ತು ನನ್ನ ಹೆಂಡತಿ. ಐದಕ್ಕೆ ಬರುತ್ತೇವೆ ಎಂದಿದ್ದ ರಾವೂರಿನ ಕಲ್ಲು ಕೆಲಸದ ಗಂಡಹೆಂಡತಿ ಇನ್ನೂ ಬಂದಿರಲಿಲ್ಲ. ಮುಂಗಾರಿನ ಮೊದಲ ಮಳೆ, ಮಿರಗದ ಮಳೆಯೂ ಬಂದಿರಲಿಲ್ಲ.

ಇಷ್ಟನ್ನು ಆ ದಿನವೇ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಅಕ್ಷರ ನೆಟ್ಟಗಿದೆ, ಸಾಲು ಬಾಗಿಲ್ಲ. ಎದುರು ಪುಟದಲ್ಲಿ ಗ್ಯಾಲರಿಯ ನಕ್ಷೆ ಇದೆ. ಅದನ್ನೂ ಅಳತೆಪಟ್ಟಿ ಇಟ್ಟು ಎಳೆದಿದ್ದೇನೆ. ಇವತ್ತು ತೆಗೆದು ನೋಡಿದರೂ ಅದರಲ್ಲಿ ತಪ್ಪು ಸಿಗುವುದಿಲ್ಲ. ಅದೇ ನನಗೆ ಸಂಕಟ.

ನನ್ನ ಬಗ್ಗೆ ಹೇಳಬೇಕಾದದ್ದು ಸ್ವಲ್ಪ ಇದೆ. ಎಂಟನೆಯ ವಯಸ್ಸಿಗೆ ಚಿತ್ತಾಪುರದ ಕಡೆಯ ಒಂದು ಮಠದಲ್ಲಿ ಓದಲು ಬಿಟ್ಟರು. ನಾಲ್ಕಕ್ಕೆ ಗಂಟೆ, ನಾಲ್ಕೂಕಾಲಿಗೆ ತಣ್ಣೀರ ಸ್ನಾನ, ಐದಕ್ಕೆ ಅಂಗೈಯಲ್ಲಿ ಲಿಂಗ. ಹೊದ್ದ ಕೌದಿಯನ್ನು ಮಡಿಸಿದಾಗ ನಾಲ್ಕು ಮೂಲೆ ಕೂಡದಿದ್ದರೆ ಬೆಳಗಿನ ಅಂಬಲಿ ಇಲ್ಲ. ಹತ್ತು ವರ್ಷ ಹಾಗೆ ಬೆಳೆದವನು ರೈಲ್ವೆಯ ಗೂಡ್ಸ್ ಆಫೀಸು ಸೇರಿದೆ. ಅಲ್ಲಿಯೂ ಗಂಟೆಯೇ. ಶಹಾಬಾದಿನಿಂದ ಕಲ್ಲು ತುಂಬಿಕೊಂಡು ಬರುವ ವ್ಯಾಗನ್‌ಗಳ ಮೈಮೇಲೆ ಸೀಮೆಸುಣ್ಣದಿಂದ ನಂಬರು ಬರೆಯುವುದು, ನಂಬರಿನ ಪ್ರಕಾರ ಅವನ್ನು ಸಾಲು ಹಚ್ಚಿಸುವುದು ನನ್ನ ಕೆಲಸ. ಎಂಥ ಗೊಂದಲವಾದರೂ ನಂಬರು ಹಾಕಿದರೆ ಸರಿಹೋಗುತ್ತದೆ ಎಂದು ನಂಬಿದ್ದೆ. ಮೇಲಿನವರೂ ಹಾಗೆಯೇ ನಂಬಿದ್ದರಿಂದ ನನಗೆ ಒಳ್ಳೆಯ ಹೆಸರಿತ್ತು.

ಮನೆ ಪೂರ್ತಿ ಕಲ್ಲಿನದು. ಗೋಡೆ ಕಲ್ಲು, ನೆಲಕ್ಕೆ ಫರಸಿ, ಅಂದರೆ ಶಹಾಬಾದಿನ ಕಲ್ಲುಚಪ್ಪಡಿ, ಮಾಳಿಗೆಯ ಮೇಲೆ ಮುಚ್ಚಿದ್ದೂ ಫರಸಿಯೇ. ಬೇಸಿಗೆಯಲ್ಲಿ ಹಗಲು ಕುಡಿದ ಬಿಸಿಲನ್ನು ಅದು ರಾತ್ರಿಯೆಲ್ಲ ಉಗುಳುತ್ತಿತ್ತು. ಮುಂದೆ ಓಣಿಯ ಕಡೆಗೆ ಚಾಚಿಕೊಂಡಿದ್ದ ಜಾಗವನ್ನು ನಾವು ಗ್ಯಾಲರಿ ಎನ್ನುತ್ತಿದ್ದೆವು, ಈಗಿನವರು ಬಾಲ್ಕನಿ ಎನ್ನುತ್ತಾರೆ. ಒಂಬತ್ತು ಮೊಳ ಉದ್ದ, ಮೂರು ಮೊಳ ಅಗಲ. ಅಂಗಳವಿಲ್ಲದ ಆ ಮನೆಯಲ್ಲಿ ನನ್ನ ಹೆಂಡತಿಗೆ ಅದೇ ಹಿತ್ತಲು.

ಅವಳು ಸೇಡಂ ತಾಲ್ಲೂಕಿನ ಆಡಕಿಯವಳು. ಮದುವೆಯಾಗಿ ಬರುವಾಗ ಗೇಣುದ್ದದ ಪತ್ರಿಯ ಸಸಿಯನ್ನು, ಅಂದರೆ ಬಿಲ್ವದ ಸಸಿಯನ್ನು, ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಸೇಡಂವರೆಗೆ ಬಂಡಿಯಲ್ಲೂ ಅಲ್ಲಿಂದ ವಾಡಿಯವರೆಗೆ ರೈಲಿನಲ್ಲೂ ಅದು ಅವಳ ತೊಡೆಯ ಮೇಲೇ ಇತ್ತು. ಜೊತೆಗೆ ಬಂದ ನಮ್ಮ ಕಡೆಯ ಹೆಂಗಸರು, ಮದುಮಗಳು ಉಡಿಯಲ್ಲಿ ಗಿಡ ತುಂಬಿಕೊಂಡಾಳ ಎಂದು ನಕ್ಕಿದ್ದರು. ಮಕ್ಕಳು ನಮಗೆ ಆಗಲಿಲ್ಲ. ಸಸಿ ಮಾತ್ರ ಅರ್ಧ ಕೊಯ್ದ ಪೀಪಾಯಿಯೊಂದರಲ್ಲಿ ಎದೆಯುದ್ದ ಬೆಳೆಯಿತು. ದಿನವೂ ಎಲೆ ಕೊಯ್ಯುತ್ತಿದ್ದುದರಿಂದ ಅದಕ್ಕಿಂತ ಮೇಲೆ ಹೋಗಲಿಲ್ಲ.

ಉಳಿದದ್ದೆಲ್ಲ ಕೈಗೆ ಸಿಕ್ಕ ಪಾತ್ರೆಯಲ್ಲಿ. ಬಾಯಿ ಒಡೆದ ಮಣ್ಣಿನ ಹರವಿಯಲ್ಲಿ ಮರುಗ. ತೂತು ಬಿದ್ದ ಕಲ್ಲಿನ ಒರಳಲ್ಲಿ ದವನ. ಹಿಡಿಕೆ ಹೋದ ಕಬ್ಬಿಣದ ಬಕೆಟ್ಟಿನಲ್ಲಿ ದುಂಡುಮಲ್ಲಿಗೆ. ಯಾರೋ ಎಸೆದ ಎಂಜಿನ್ ಎಣ್ಣೆಯ ಕ್ಯಾನಿನಲ್ಲಿ ಕಣಗಿಲ, ಬಿರುಕುಬಿಟ್ಟ ಕೊಡದಲ್ಲಿ ಪುದೀನ. ಹೀಗೆ ಹನ್ನೆರಡು. ಒಂದು ಇನ್ನೊಂದರಂತಿಲ್ಲ, ಒಂದು ಇನ್ನೊಂದರ ಸಾಲಿನಲ್ಲಿಲ್ಲ. ಹೋಗುವವನ ಮೊಣಕಾಲಿಗೆ ಏನಾದರೂ ತಗಲಲೇಬೇಕು. ಎಂಜಿನ್ನಿನ ಹೊಗೆಯ ಮಸಿ ಎಲೆಗಳ ಮೇಲೆ ಕೂರುತ್ತಿತ್ತು. ಅವಳು ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಿಂದ ಒಂದೊಂದನ್ನೇ ಒರೆಸುತ್ತಿದ್ದಳು. ಎಲೆಗೆ ಇಷ್ಟು ಹೊತ್ತು ಯಾಕೆ ಎಂದು ನಾನು ಗಡಿಯಾರ ನೋಡುತ್ತಿದ್ದೆ.

ಆ ದಿನಕ್ಕೆ ಎರಡು ವರ್ಷ ಮೊದಲು ಅವಳ ಕಣ್ಣು ಮಂಜಾಗತೊಡಗಿತ್ತು. ಶಹಾಬಾದಿನ ಡಾಕ್ಟರು ಹೈದರಾಬಾದಿಗೆ ಕಳಿಸಿದರು, ಹೈದರಾಬಾದಿನವರು ಹಿಂದಕ್ಕೆ ಕಳಿಸಿದರು. ಚಿಂಚೋಳಿ ಕಾಡಿನ ಕಡೆಯ ಒಬ್ಬ ಔಷಧದವನು ಯಾವುದೋ ಬೇರು ತೇಯ್ದು ಹಚ್ಚಿದ. ಉರಿ ಹತ್ತಿತೇ ಹೊರತು ಬೆಳಕು ಬರಲಿಲ್ಲ. ನಾನು ನನಗೆ ತಿಳಿದ ರೀತಿಯಲ್ಲಿ ವ್ಯವಸ್ಥೆ ಮಾಡಿದೆ. ಸೆರಗಿಗೆ ಬೆಂಕಿ ತಗಲಿದ ದಿನ ಒಲೆ ಬಿಡಿಸಿದೆ, ನಮ್ಮವರೇ ಒಬ್ಬ ಮುದುಕಿ ಬಂದು ರೊಟ್ಟಿ ಬಡಿದುಹೋಗುವಂತೆ ಮಾಡಿದೆ. ಮೆಟ್ಟಿಲಲ್ಲಿ ಜಾರಿದ ದಿನ ನೀರು ತರುವುದು ಬಿಡಿಸಿದೆ. ಬೆರಳಿಗೆ ಸೂಜಿ ಚುಚ್ಚಿದ ಮೇಲೆ ಕೌದಿ ಹೊಲಿಯುವುದನ್ನು. ಒಂದೊಂದಕ್ಕೂ ಕಾರಣವಿತ್ತು, ಒಂದೊಂದನ್ನೂ ನೋಟುಬುಕ್ಕಿನಲ್ಲಿ ಬರೆದಿದ್ದೇನೆ. ಕಣ್ಣು ಎಷ್ಟು ಉಳಿದಿದೆ ಎಂದು ನಾನು ಆಗಾಗ ಕೇಳುತ್ತಿದ್ದೆ. ಮಬ್ಬು ಮಬ್ಬು ಕಾಣ್ತದ್ರಿ, ದೊಡ್ಡದು ಇದ್ರ ತಿಳೀತದ ಎನ್ನುತ್ತಿದ್ದಳು. ನಾನು ಅದನ್ನೂ ಬರೆದುಕೊಂಡೆ.

ಕೊನೆಗೆ ಅವಳ ಕೈಗೆ ಉಳಿದದ್ದು ಗ್ಯಾಲರಿ ಒಂದೇ.

ಅದನ್ನು ಬಿಡಿಸುವುದು ನನ್ನಿಂದಲೂ ಆಗುತ್ತಿರಲಿಲ್ಲ. ನಮ್ಮಲ್ಲಿ ಲಿಂಗಪೂಜೆ ಇನ್ನೊಬ್ಬರು ಮಾಡಿಕೊಡುವಂಥದ್ದಲ್ಲ. ಅವರವರ ಲಿಂಗ ಅವರವರ ಅಂಗೈಯಲ್ಲಿ. ಅವಳ ತವರಿನ ರೂಢಿ ಇನ್ನೂ ಕಟ್ಟುನಿಟ್ಟು. ಪತ್ರಿ ಹೂವನ್ನು ತಾನೇ ಕೊಯ್ಯಬೇಕು, ಪೂಜೆಯಾಗದೆ ಬಾಯಿಗೆ ನೀರು ಕೂಡ ಹಾಕಬಾರದು. ದಿನವೂ ಸ್ನಾನ ಮಾಡಿ, ಬೆಳಕು ಹರಿಯುವ ಮೊದಲೇ ಅವಳು ಬಾಗಿಲ ಚೌಕಟ್ಟನ್ನು ಒಮ್ಮೆ ಮುಟ್ಟಿ ಹೊರಗೆ ಹೋಗುತ್ತಿದ್ದಳು. ಐದು ಮೂರೆಲೆಯ ಪತ್ರಿ, ಎರಡು ಮಲ್ಲಿಗೆ, ಒಂದು ಎಸಳು ಮರುಗ ಹಿಡಿದು ಬರುತ್ತಿದ್ದಳು. ಒಂದು ದಿನವೂ ತಪ್ಪು ಎಲೆ ತಂದವಳಲ್ಲ. ಇಷ್ಟು ಮಾಡುತ್ತಾಳೆಂದರೆ ಕಣ್ಣು ಅಷ್ಟು ಕೆಟ್ಟಿಲ್ಲ ಎಂದು ನಾನು ಲೆಕ್ಕ ಹಾಕಿದ್ದೆ.

ಬೇಸಿಗೆಯ ಕೊನೆಗೆ ಗ್ಯಾಲರಿಯ ಹೊರಅಂಚಿನ ಫರಸಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಮನೆಯ ಒಡತಿ ಕೆಳಗಿನ ಅಂತಸ್ತಿನಲ್ಲಿದ್ದ ವಯಸ್ಸಾದ ಬೀಬಿ. ಅವರು ಮೆಟ್ಟಿಲು ಹತ್ತಿ ಬಂದು ನೋಡಿ, ಮಳೆಗೆ ಮೊದಲು ಭಾರವನ್ನೆಲ್ಲ ಗೋಡೆಯ ಕಡೆಗೆ ಸರಿಸಿ ಎಂದು ಹೇಳಿಹೋದರು. ಅವರು ಕೇಳಿದ್ದು ಅಷ್ಟೇ. ಉಳಿದದ್ದೆಲ್ಲ ನಾನಾಗಿ ಮಾಡಿದ್ದು.

ನಾನು ಎರಡು ವಾರ ನಕ್ಷೆ ಬರೆದೆ. ಗೋಡೆಗೆ ಹತ್ತಿಕೊಂಡಂತೆ ಫರಸಿಯ ಮೂರು ಮೆಟ್ಟಿಲು. ಒಂದೊಂದು ಮೆಟ್ಟಿಲಿಗೆ ನಾಲ್ಕು ಗಿಡ. ಎತ್ತರದವು ಹಿಂದೆ, ಗಿಡ್ಡವು ಮುಂದೆ. ಪಾತ್ರೆಗಳೆಲ್ಲ ಒಂದೇ ಅಳತೆಯವು, ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ತಗಡಿನ ಚೌಕ ಡಬ್ಬಿ ಹನ್ನೆರಡು, ತಳಕ್ಕೆ ತೂತು, ಮೈಗೆ ಹಸಿರು ಬಣ್ಣ. ಬಣ್ಣದ ಮೇಲೆ ಗೇಣೆತ್ತರದ ಬಿಳಿ ನಂಬರು. ದೊಡ್ಡದು ಇದ್ದರೆ ತಿಳೀತದೆ ಎಂದಿದ್ದಳಲ್ಲ, ಅದಕ್ಕೆ ಗೇಣೆತ್ತರ. ನಡೆಯಲು ಒಂದೂವರೆ ಮೊಳ ಬಯಲು ದಾರಿ. ಮೊಣಕಾಲಿಗೆ ಏನೂ ತಗಲಬಾರದು. ಅವಳಿಗಾಗಿಯೇ ಮಾಡಿದೆ. ಇದನ್ನು ಕ್ಷಮೆಗೆಂದು ಬರೆಯುತ್ತಿಲ್ಲ, ನಡೆದದ್ದು ಹಾಗೆ.

ಹಿಂದಿನ ಸಂಜೆ ನಕ್ಷೆಯನ್ನು ಅವಳಿಗೆ ಓದಿ ಹೇಳಿದೆ. ಅವಳು ಕೇಳಿ ಮುಗಿಸಿ ಒಂದೇ ಮಾತು ಕೇಳಿದಳು.

“ಒಂದೊಂದ ಸರಸ್ರಿ. ಒಂದು ಸರಿಸಿದ ಮ್ಯಾಗ ನನ್ನ ಕೈಯಿಟ್ಟು ತೋರಸ್ರಿ. ನಿಧಾನ ಆಗ್ಲಿ, ಮಳಿಗಿ ಇನ್ನಾ ನಾಕ ದಿನ ಅದ.”

ಕಲ್ಲಿನವರು ಬರುವುದು ಒಂದೇ ದಿನ, ನನ್ನ ರಜೆಯೂ ಶುಕ್ರವಾರ ಒಂದೇ ದಿನ ಎಂದೆ. ನೀನು ನಡುವೆ ಇದ್ದರೆ ಕಲ್ಲು ಕಾಲ ಮೇಲೆ ಬೀಳುತ್ತದೆ, ಬೀಬಿಯ ಮನೆಯಲ್ಲಿ ಕುಳಿತುಕೋ, ಹತ್ತಕ್ಕೆ ಮುಗಿಸಿ ಕರೆಯುತ್ತೇನೆ, ಹೊಸ ತೋಟದಿಂದಲೇ ಪತ್ರಿ ಕೊಯ್ದು ಪೂಜೆ ಮಾಡುವೆಯಂತೆ ಎಂದೆ. ಅವಳು ಆಗಲಿ ಎಂದಳು. ಅವಳು ಆಗಲಿ ಎನ್ನುವುದಕ್ಕೆ ನಾನು ಅಷ್ಟು ಒಗ್ಗಿಹೋಗಿದ್ದೆ.

ಹಾಗಾಗಿ ಆ ಶುಕ್ರವಾರ ಅವಳು ಐದಕ್ಕೆ ಸ್ನಾನ ಮಾಡಿ, ಪೂಜೆಯಿಲ್ಲದೆ, ನೀರಿಲ್ಲದೆ ಗೋಡೆ ಹಿಡಿದು ಕೆಳಗಿಳಿದಳು. ಕಲ್ಲಿನವರು ಬಂದದ್ದು ಏಳೂ ಹತ್ತಕ್ಕೆ. ಬಂಡಿ ಸಿಗಲಿಲ್ಲವಂತೆ. ನಾನು ಗಡಿಯಾರ ತೋರಿಸಿದೆ. ಅವನು ಗಡಿಯಾರವನ್ನು ಮೆಚ್ಚಿಕೊಂಡು ನೋಡಿದ, ಅಷ್ಟೇ.

ಮೊದಲು ಹನ್ನೆರಡೂ ಗಿಡಗಳನ್ನು ಕಿತ್ತು ಒದ್ದೆ ಗೋಣಿಯ ಮೇಲೆ ಮಲಗಿಸಿದೆವು. ಅವು ನೆರಳಲ್ಲಿ ಸಾಲಾಗಿ ಮಲಗಿದ್ದಾಗ ನನಗೆ ತೃಪ್ತಿಯಾಯಿತು. ಆಮೇಲೆ ಮಣ್ಣು. ಬರಿ ಎರೆಮಣ್ಣು ಡಬ್ಬಿಯಲ್ಲಿ ಒಣಗಿ ಇಟ್ಟಿಗೆಯಾಗುತ್ತದೆ. ಅದಕ್ಕೆ ಕುರಿಯ ಹಿಕ್ಕೆ ಒಂದು ಪಾಲು, ಎಂಜಿನ್ ಬೂದಿ ಒಂದು ಪಾಲು ಕೂಡಿಸಬೇಕು. ಕಲ್ಲಿನವನ ಹೆಂಡತಿ ಬುಟ್ಟಿಯಲ್ಲಿ ಹೊತ್ತು ತಂದು ಸುರಿದಳು, ನಾನು ಅಳೆದು ಕೂಡಿಸಿದೆ. ಡಬ್ಬಿಯ ತಳದಲ್ಲಿ ನೀರು ಇಳಿಯಲು ಬೋಕಿ ಚೂರು, ಒಡೆದ ಮಡಕೆಯ ತುಂಡು, ಬೇಕು. ಹೊರಗೆ ಹುಡುಕಲು ಹೊತ್ತಿರಲಿಲ್ಲ. ಮರುಗ ಇದ್ದ ಹರವಿಯನ್ನೂ ಪುದೀನದ ಕೊಡವನ್ನೂ ಇನ್ನೂ ಎರಡು ಮಡಕೆಗಳನ್ನೂ ಸುತ್ತಿಗೆಯಿಂದ ಒಡೆಯಲು ಹೇಳಿದೆ. ಒರಳು ಮೆಟ್ಟಿಲ ಕಾಲಿಗೆ ಸರಿಯಾದ ಎತ್ತರವಿತ್ತು, ಬೋರಲು ಹಾಕಿ ಗಾರೆ ಮೆತ್ತಿಸಿದೆ. ಪೀಪಾಯಿಯ ಹಲಗೆ ಬಿಚ್ಚಿ ಕಟ್ಟಿಗೆಯ ಮೂಲೆಗೆ ಇಟ್ಟೆ. ಏನೂ ಹಾಳು ಮಾಡಲಿಲ್ಲ. ಎಲ್ಲವನ್ನೂ ಒಂದಕ್ಕೊಂದು ಉಪಯೋಗಿಸಿದೆ.

ಪತ್ರಿಯ ಕೆಳಗಿನ ಕೊಂಬೆಗಳು ಉದ್ದ ಚಾಚಿಕೊಂಡಿದ್ದವು, ಅವುಗಳಲ್ಲಿ ಬೆರಳುದ್ದದ ಮುಳ್ಳು. ಅವಳಿಗೆ ಚುಚ್ಚುತ್ತವೆ ಎಂದು ಆ ಕೊಂಬೆಗಳನ್ನು ಕತ್ತರಿಸಿದೆ. ಮೇಲಿನವುಗಳ ಮುಳ್ಳನ್ನೂ ಒಂದೊಂದಾಗಿ ಚಿವುಟಿದೆ. ಮಿಕ್ಕ ಗಿಡಗಳ ತುದಿಗಳನ್ನು ಒಂದೇ ಎತ್ತರಕ್ಕೆ ಸವರಿದೆ.

ಕಲ್ಲಿನವನು ಮೆಟ್ಟಿಲು ಮುಗಿಸಿ, ನಾನು ನಂಬರು ಬರೆಯುವುದನ್ನು ಬೀಡಿ ಹಚ್ಚಿ ನೋಡಿದ.

“ಸಾಹೇಬ್ರ, ನಂಬರ ಇಲ್ದಿದ್ರ ಗಿಡ ಇಳದು ಓಡಿಹೋಗ್ತಾವೇನ್ರಿ?”

“ನೀ ಸುಮ್ನ ಗಾರಿ ಕಲಸು,” ಎಂದಳು ಅವನ ಹೆಂಡತಿ. “ನಿನಗೂ ಒಂದು ನಂಬರ ಹಾಕಿಸ್ತೀನಿ, ಶೇಂದಿ ಅಂಗಡ್ಯಾಗ ಹುಡುಕಾಕ ಬರ್ತದ.”

ನಾನೂ ನಕ್ಕೆ. ಆ ದಿನ ನಾನು ನಕ್ಕದ್ದು ಅದೊಂದೇ ಸಲ, ಆದ್ದರಿಂದ ನೆನಪಿದೆ. ಆಮೇಲೆ ಅವಳು ಬುಟ್ಟಿ ಕೆಳಗಿಟ್ಟು, ಅವ್ವಾರಿಗಿ ಇದೆಲ್ಲ ಗೊತ್ತದೇನ್ರಿ ಎಂದು ಕೇಳಿದಳು. ನಿನ್ನೆಯೇ ಓದಿ ಹೇಳಿದ್ದೇನೆ ಎಂದೆ. ಅವಳು ಬುಟ್ಟಿ ಎತ್ತಿಕೊಂಡಳು.

ಹತ್ತಕ್ಕೆ ಮುಗಿಯಬೇಕಾದದ್ದು ಹನ್ನೆರಡೂವರೆಗೆ ಮುಗಿಯಿತು. ನಡುವೆ ಹನ್ನೊಂದಕ್ಕೆ ಬೀಬಿ ಕೆಳಗಿನಿಂದ ಕೂಗಿ, ನಿಮ್ಮಾಕಿ ಒಂದು ಗುಟುಕು ನೀರು ಸಹ ಒಲ್ಲೆ ಅಂತಾಳೆ, ಧಡ್ ಅಂತ ಸದ್ದಾದಾಗೆಲ್ಲ ಬೆರಳು ಮಡಚುತಾಳೆ ಎಂದರು. ಇನ್ನು ಸ್ವಲ್ಪ ಹೊತ್ತು ಎಂದೆ. ಮಡಕೆ ಒಡೆಯುವ ಸದ್ದಿಗೆ ಅವಳು ಬೆರಳು ಮಡಚಿ ಎಣಿಸುತ್ತಿದ್ದಳು ಎಂಬುದು ಆಗ ನನಗೆ ಹೊಳೆಯಲಿಲ್ಲ.

ಹನ್ನೆರಡು ಮುಕ್ಕಾಲಿಗೆ ಅವಳನ್ನು ಕರೆದೆ. ಮೇಲೆ ಬಂದಳು. ಬಾಗಿಲಿಗೆ ಬಂದು ಎಂದಿನಂತೆ ಎಡಗೈಯಿಂದ ಚೌಕಟ್ಟನ್ನು ಮುಟ್ಟಿದಳು, ಎಡಗಾಲನ್ನು ಹೊರಗಿಟ್ಟಳು, ಕಾಲ್ಬೆರಳಿಂದ ನೆಲವನ್ನು ತಡವಿದಳು. ಅಲ್ಲಿ ಹರವಿ ಇರಬೇಕಿತ್ತು. ಅಲ್ಲಿ ನಾನು ಮಾಡಿದ ಬಯಲು ದಾರಿ ಇತ್ತು.

“ಬಣ್ಣದ ವಾಸನಿ ಭಾಳ ಅದ,” ಎಂದಳು.

ಎರಡು ದಿನಕ್ಕೆ ಹೋಗುತ್ತದೆ ಎಂದೆ. ಅವಳು ಮೂಗನ್ನು ಆ ಕಡೆ ಈ ಕಡೆ ತಿರುಗಿಸಿದಳು. ಮರುಗ, ದವನ, ಪುದೀನ ಮೂರೂ ಮೂರು ಹೆಜ್ಜೆ ದೂರದಲ್ಲಿದ್ದವು. ಬಣ್ಣದ ವಾಸನೆ ಎಲ್ಲವನ್ನೂ ಮುಚ್ಚಿತ್ತು.

“ಪತ್ರಿ ಎಲ್ಲಿಟ್ಟೀರಿ?”

“ಹನ್ನೆರಡನೇ ನಂಬರು. ಮೇಲಿನ ಮೆಟ್ಟಲ, ಕಡೀಗಿ. ದೊಡ್ಡದಾಗಿ ಬರ್ದೀನಿ ನೋಡು.”

“ಬರ್ದೀರೇನು,” ಎಂದಳು.

ಎರಡು ಹೆಜ್ಜೆ ಮುಂದೆ ಹೋದಳು. ಕೈ ಚಾಚಿದಳು, ಗಾಳಿ ಸಿಕ್ಕಿತು. ಬಗ್ಗಿದಳು, ಡಬ್ಬಿಯ ಅಂಚು ಸಿಕ್ಕಿತು. ಪಕ್ಕಕ್ಕೆ ಸರಿದಳು, ಅದೇ ಅಂಚು. ಮತ್ತೆ ಸರಿದಳು, ಮತ್ತೆ ಅದೇ. ಮೊದಲನೆಯ ಸಾಲಿನ ನಾಲ್ಕನ್ನೂ ಮುಟ್ಟಿ ಮತ್ತೆ ಮೊದಲನೆಯದಕ್ಕೆ ಬಂದಳು. ಅವಳ ಮುಖದ ಮುಂದೆಯೇ ಗೇಣೆತ್ತರದ ಬಿಳಿಯ ಒಂದನೇ ನಂಬರು ಇತ್ತು. ಅದರ ಮೇಲೆಯೇ ಅಂಗೈ ಇಟ್ಟಳು. ಅಂಗೈ ಬಿಳಿಯಾಯಿತು. ತಡೀರಿ, ಬಣ್ಣ ಹಸಿ ಅದ ಎಂದು ಹೇಳಲು ಬಾಯಿ ತೆರೆದ ಕಲ್ಲಿನವನ ಹೆಂಡತಿ, ಅದನ್ನು ಹೇಳದೆ ನನ್ನ ಕಡೆ ತಿರುಗಿದಳು.

“ಸಾಹೇಬ್ರ, ಅವ್ವಾರಿಗಿ ಕಾಣಂಗಿಲ್ರಿ.”

“ಮಬ್ಬು ಕಾಣ್ತದ,” ಎಂದೆ.

“ಇಲ್ರಿ,” ಎಂದಳು ನನ್ನ ಹೆಂಡತಿ, ನನ್ನ ಕಡೆಗಲ್ಲ, ಡಬ್ಬಿಗಳ ಕಡೆಗೆ ಮುಖವಿಟ್ಟುಕೊಂಡು. “ಹೋದ ದೀಪಾವಳಿಲಿಂದ ಏನೂ ಇಲ್ಲ. ದೀಪಾನೂ ಇಲ್ಲ.”

ದೀಪಾವಳಿಯಿಂದ ಎಂಟು ತಿಂಗಳು. ಎಂಟು ತಿಂಗಳು ದಿನವೂ ಅವಳು ಪತ್ರಿ ತಂದಿದ್ದಳು. ನಾನು ದಿನವೂ ನೋಡಿದ್ದೆ.

“ನನಗ ಯಾಕ ಹೇಳಲಿಲ್ಲ?”

“ಹೇಳಿದ್ರ ಇದನ್ನೂ ಕಸಗೊಂತಿದ್ರಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳೇ, ನಿಮಗೆ ಗೊತ್ತಿರಲಿ ಎಂಬಂತೆ, ಹಳೆಯ ದಾರಿಯನ್ನು ಹೇಳಿದಳು. ಚೌಕಟ್ಟಿನಿಂದ ಎಡಗಾಲಿಗೆ ಹರವಿ, ಅದರ ಒಡೆದ ಬಾಯಿ ತನ್ನ ಕಡೆಗೆ. ಅಲ್ಲಿಂದ ಒಂದು ಹೆಜ್ಜೆಗೆ ಮೊಣಕಾಲಿಗೆ ಬಕೆಟ್ಟು. ಆಮೇಲೆ ಒರಳು, ಮುಟ್ಟಿದರೆ ತಣ್ಣಗೆ. ಆಮೇಲೆ ಕೈ ಎತ್ತಿದರೆ ಪತ್ರಿಯ ಮುಳ್ಳು. ಮುಳ್ಳು ಚುಚ್ಚಿದ ಮೇಲೆ ಎಣಿಸುವುದೇನೂ ಇಲ್ಲ. ಒಂದು ಇನ್ನೊಂದರಂತೆ ಇಲ್ಲ ಎಂದು ನಾನು ಬೇಸರಪಟ್ಟದ್ದೇ ಅವಳ ಕಣ್ಣಾಗಿತ್ತು. ಮೊಣಕಾಲಿಗೆ ತಗಲಲೆಂದೇ ಅವಳು ಅವನ್ನು ಅಲ್ಲಿಟ್ಟಿದ್ದಳು.

ಕಲ್ಲಿನವನ ಹೆಂಡತಿ ತನ್ನ ಸೆರಗಿನ ತುದಿಯನ್ನು ಚಿಮಣಿ ಎಣ್ಣೆಯಲ್ಲಿ ಅದ್ದಿ ಅವಳ ಅಂಗೈ ಒರೆಸಿದಳು. ಅದು ಲಿಂಗ ಹಿಡಿಯುವ ಎಡಗೈ. ಎಷ್ಟು ಒರೆಸಿದರೂ ಗೆರೆಗಳಲ್ಲಿ ಬಿಳಿ ಉಳಿಯಿತು. ಎಣ್ಣೆಯ ವಾಸನೆ ಹೋಗಲು ಮತ್ತೆ ಸ್ನಾನ ಮಾಡಬೇಕೆಂದಳು, ಮಾಡಿದಳು.

ಪತ್ರಿಯನ್ನು ನಾನು ಕೊಯ್ದೆ. ಐದು, ಎರಡು ಮಲ್ಲಿಗೆಯ ಮೊಗ್ಗು, ಒಂದು ಎಸಳು ಮರುಗ. ಅವಳ ಮುಂದೆ ತಟ್ಟೆಯಲ್ಲಿ ಇಟ್ಟೆ. ಅವಳು ಒಂದೊಂದು ಎಲೆಯನ್ನೂ ಬೆರಳಿನಿಂದ ತಡವಿ, ಲಿಂಗದ ಮೇಲೆ ಇಟ್ಟಳು. ಪೂಜೆ ಮುಗಿಯುವಾಗ ಒಂದೂ ಮುಕ್ಕಾಲು. ಅರ್ಧ ರೊಟ್ಟಿ ತಿಂದಳು. ಉಳಿದರ್ಧವನ್ನು ಮಡಚಿ ತಟ್ಟೆಯ ಅಂಚಿಗೆ ಇಟ್ಟಳು, ನಾನು ಮಡಚುವಂತೆಯೇ, ಮೂಲೆ ಕೂಡಿಸಿ.

ನಾನು ಹೊರಗೆ ಹೋಗಿ ಕಲ್ಲಿನವನಿಗೆ ಎಲ್ಲ ಬಿಚ್ಚು ಎಂದೆ. ಗಾರೆ ಹಸಿ ಅದ, ಬಿಚ್ಚಾಕ ಬರ್ತದ್ರಿ, ಖರೇ ಹರವಿ ಎಲ್ಲಿಂದ ತರ್ತೀರಿ ಎಂದ. ಹರವಿ ಹನ್ನೆರಡು ಡಬ್ಬಿಗಳ ತಳದಲ್ಲಿ ಚೂರು ಚೂರಾಗಿ ಸಮಪಾಲಾಗಿತ್ತು. ಆದರೂ ಬಿಚ್ಚು ಎಂದೆ. ಒರಳಾದರೂ ಸಿಗುತ್ತದೆ, ಬಕೆಟ್ಟು ಇದೆ, ಪೀಪಾಯಿಯ ಹಲಗೆ ಇದೆ. ಒಳಗಿನಿಂದ ಅವಳು ಮಾತಾಡಿದಳು.

“ಬ್ಯಾಡ್ರಿ. ಒಂದ ದಿನದಾಗ ಎಷ್ಟ ಸಲ ಕೀಳತೀರಿ? ಬೇರಿಗಿ ತಾಳಿಕಿ ಇರಲ್ಲ. ಸಾಯ್ತಾವ.”

ಅದು ನಿಜ. ನನಗೂ ಗೊತ್ತಿದ್ದ ನಿಜ. ಕಲ್ಲಿನವನು ನನ್ನ ಮುಖ ನೋಡಿದ, ಸಾಮಾನು ಕಟ್ಟಿಕೊಂಡ. ಹೋಗುವಾಗ ಅವನ ಹೆಂಡತಿ ಬುಟ್ಟಿಯಲ್ಲಿ ಉಳಿದಿದ್ದ ಹರವಿಯ ಒಂದು ತುಂಡನ್ನು, ಒಡೆದ ಬಾಯಿಯ ತುಂಡನ್ನು, ನನ್ನ ಹೆಂಡತಿಯ ಕೈಗೆ ಕೊಟ್ಟಳು. ಅವಳು ಅಂಚನ್ನು ತಡವಿ, ಗುರುತು ಹಿಡಿದು, ಪಕ್ಕಕ್ಕೆ ಇಟ್ಟಳು. ಮೂರು ಗಂಟೆಗೆ ಅವರಿಬ್ಬರೂ ಹೋದರು.

ನಾನು ಇನ್ನೊಂದು ವ್ಯವಸ್ಥೆ ಹೂಡಿದೆ. ಪ್ರತಿ ಡಬ್ಬಿಗೆ ಒಂದು ಹುರಿ ಕಟ್ಟುವುದು, ಒಂದನೆಯದಕ್ಕೆ ಒಂದು ಗಂಟು, ಎರಡನೆಯದಕ್ಕೆ ಎರಡು, ಹೀಗೆ ಹನ್ನೆರಡರವರೆಗೆ. ಬೆರಳಿನಿಂದ ಓದಬಹುದು. ನಾಲ್ಕು ಡಬ್ಬಿಗೆ ಕಟ್ಟಿಯೂ ಆಯಿತು. ಹೇಳಿದಾಗ ಅವಳು ಮೊದಲ ಸಲ ಸ್ವಲ್ಪ ನಕ್ಕಳು.

“ಗಂಟು ಎಣಿಸ್ಕೋತ ಪತ್ರಿ ಹುಡುಕಬೇಕೇನ್ರಿ? ಅದು ನಿಮ್ಮ ಲೆಕ್ಕ. ನನ್ನ ಲೆಕ್ಕ ಇವತ್ತ ಹೋತು.”

ನಾಲ್ಕು ಹುರಿಗಳನ್ನೂ ಬಿಚ್ಚಿದೆ. ಸುತ್ತಿ ಖಾನೆಯಲ್ಲಿಟ್ಟೆ.

ಮುಂದೆ ಆದದ್ದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ದವನ ಆ ವಾರದಲ್ಲೇ ಹೋಯಿತು, ಮಲ್ಲಿಗೆ ಮಳೆ ಬಿದ್ದ ಮೇಲೂ ಚಿಗುರಲಿಲ್ಲ. ಪತ್ರಿ ಬದುಕಿತು, ಮುಳ್ಳು ಮತ್ತೆ ಬಂದವು. ಅವು ಬಂದಿವೆ ಎಂದು ಒಂದು ದಿನ ಹೇಳಿದೆ. ಹೌದೇನ್ರಿ ಎಂದಳು. ಅವಳು ಗ್ಯಾಲರಿಗೆ ಮತ್ತೆ ಕಾಲಿಡಲಿಲ್ಲ. ಬೆಳಗಿನ ಐದೂ ನಲವತ್ತಕ್ಕೆ ನಾನು ಕೊಯ್ದು ತಟ್ಟೆಯಲ್ಲಿ ಇಡುತ್ತಿದ್ದೆ, ಒಂದು ದಿನವೂ ತಪ್ಪಿಸಲಿಲ್ಲ, ಒಂದು ದಿನವೂ ತಡ ಮಾಡಲಿಲ್ಲ. ಒಂಬತ್ತು ವರ್ಷ. ಅದನ್ನು ಸೇವೆ ಎಂದು ಬಂಧುಗಳು ಹೊಗಳುತ್ತಿದ್ದರು. ಅವಳು ಬಾಗಿಲ ಬಳಿ ಗೋಡೆಗೆ ಒರಗಿ, ಮಡಿಲಲ್ಲಿ ಕೈ ಇಟ್ಟುಕೊಂಡು ಕೂರುತ್ತಿದ್ದಳು. ಅಷ್ಟು ವರ್ಷ ಕೆಲಸ ಮಾಡಿದ ಕೈಗಳನ್ನು ಸುಮ್ಮನೆ ಇಟ್ಟುಕೊಳ್ಳುವುದು ಅವಳಿಗೆ ಕೊನೆಯವರೆಗೂ ಬರಲಿಲ್ಲ. ಬೆರಳುಗಳು ತಮ್ಮಷ್ಟಕ್ಕೆ ಏನನ್ನೋ ಒರೆಸುತ್ತಿದ್ದವು, ಎಲೆಯನ್ನು ಒರೆಸುವ ಹಾಗೆ. ರಜಾಕಾರರ ಗದ್ದಲದ ವರ್ಷ, ಮಳೆಗಾಲಕ್ಕೆ ಮೊದಲು, ಜ್ವರದಲ್ಲಿ ಹೋದಳು. ಸಮಾಧಿಯಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ಸುತ್ತ ಪತ್ರಿ ತುಂಬಿದರು. ಆ ಪತ್ರಿಯನ್ನೂ ನಾನೇ ಕೊಯ್ದು ತಂದಿದ್ದೆ, ಹನ್ನೆರಡನೆಯ ಡಬ್ಬಿಯಿಂದ. ಗಿಡದಲ್ಲಿ ಒಂದು ಎಲೆಯೂ ಉಳಿಯದಂತೆ ಕೊಯ್ದೆ. ಅದು ಮತ್ತೆ ಚಿಗುರಿತೋ ಇಲ್ಲವೋ ನೋಡಲು ನಾನು ವಾಡಿಯಲ್ಲಿ ಇರಲಿಲ್ಲ.

ಆ ಶುಕ್ರವಾರಕ್ಕೆ ಬರುತ್ತೇನೆ. ಸಂಜೆ ಐದಕ್ಕೆ ಗ್ಯಾಲರಿಯ ನೆಲ ತೊಳೆದೆ. ಗಾರೆಯ ಕಲೆ ಉಜ್ಜಿದೆ. ಹೊರಅಂಚಿನ ಬಿರುಕು ಹಾಗೆಯೇ ಇತ್ತು, ಹೆಚ್ಚಿರಲಿಲ್ಲ. ಕುಂಚವನ್ನು ಎಣ್ಣೆಯಲ್ಲಿ ತೊಳೆದು ಹಿಂಡಿ ಮೊಳೆಗೆ ತೂಗುಹಾಕಿದೆ. ಆರಕ್ಕೆ ನೀರು. ಹೊಸದಾಗಿ ನೆಟ್ಟ ಗಿಡಕ್ಕೆ ಒಂದು ಚರಿಗೆ, ಬುಡಕ್ಕೆ, ನಿಧಾನ, ಎಲೆಗೆ ತಗಲದಂತೆ. ಒಂದನೆಯದರಿಂದ ಹಿಡಿದೆ. ಮಣ್ಣು ನೀರು ಕುಡಿಯುವ ಸದ್ದು ಒಳಗಿನವರೆಗೆ ಕೇಳಿಸುತ್ತಿತ್ತು ಎಂದು ಕಾಣುತ್ತದೆ. ಅವಳು ಬಾಗಿಲ ಒಳಗೆ ಕುಳಿತಿದ್ದಳು, ಬೆರಳು ಮಡಚುತ್ತಿದ್ದಳು. ಎಂಟು, ಒಂಬತ್ತು, ಹತ್ತು. ಹನ್ನೊಂದನೆಯದಕ್ಕೆ ಸುರಿದ ಮೇಲೆ ಹೊರಗೆ ಇಟ್ಟುಕೊಂಡಿದ್ದ ಹಂಡೆಯಲ್ಲಿ ನೀರು ಮುಗಿಯಿತು. ಕುಡಿಯುವ ನೀರಿನ ಕೊಡ ಒಳಗಿತ್ತು. ನಾನು ದಾಟಿ ಹೋಗುವಾಗ ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ಚರಿಗೆ ತುಂಬಿಕೊಂಡು ಬಂದು ಪತ್ರಿಯ ಬುಡಕ್ಕೆ ಸುರಿದೆ. ತಳದ ತೂತಿನಿಂದ ನೀರು ಇಳಿದು ಮೆಟ್ಟಿಲ ಮೇಲೆ ಹರಿಯುವವರೆಗೆ ನಿಂತಿದ್ದೆ.

“ಆತೇನ್ರಿ?” ಎಂದಳು.

ಆಯಿತು ಎಂದೆ. ಹರಿದ ನೀರನ್ನು ಬಟ್ಟೆಯಿಂದ ಒರೆಸಿದೆ, ಬಟ್ಟೆಯನ್ನು ಹಿಂಡಿ ಗ್ಯಾಲರಿಯ ಅಂಚಿನ ಕಠಡೆಯ ಮೇಲೆ ಹರವಿದೆ, ಚರಿಗೆಯನ್ನು ಬೋರಲು ಹಾಕಿದೆ. ಆರೂ ಮೂವತ್ತೈದು.